ಗುರಿಯ ಲೆಕ್ಕ: ಶ್ರೀರಂಗಪಟ್ಟಣದ ಸೀಮೆಯಲ್ಲಿ ಸೀಸ, ಮದ್ದು ಮತ್ತು ನಳಿಗೆ

ಚಿನಕುರಳಿ, ಅರಕೆರೆ, ಸುಲ್ತಾನ್‌ಪೇಟೆ ತೋಪು, ಕೊನೆಗೆ ಶ್ರೀರಂಗಪಟ್ಟಣದ ಕೋಟೆ. 1771ರಿಂದ 1799ರವರೆಗಿನ ಇಪ್ಪತ್ತೆಂಟು ವರ್ಷಗಳಲ್ಲಿ ಇಂದಿನ ಮಂಡ್ಯ ಜಿಲ್ಲೆಯ ಈ ಒಂದಿಷ್ಟು ನೆಲದ ಮೇಲೆ ಮರಾಠರು, ಮೈಸೂರಿನವರು, ಇಂಗ್ಲಿಷರು, ನಿಜಾಮನ ಪಡೆಯವರು ಒಬ್ಬರ ಮೇಲೊಬ್ಬರು ಸುರಿದ ಸೀಸಕ್ಕೆ ಲೆಕ್ಕವಿಲ್ಲ. ಈ ಯುದ್ಧಗಳ ಬಗ್ಗೆ ಬರೆದವರೂ ಬಹಳ ಮಂದಿ. ಯಾರು ಗೆದ್ದರು, ಯಾರು ಮೋಸ ಮಾಡಿದರು, ಯಾವ ಬಾಗಿಲು ಯಾರಿಗೆ ತೆರೆಯಿತು ಎಂಬುದರ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಹಾರಿಸಿದ ಗುಂಡುಗಳಲ್ಲಿ ಗುರಿ ಮುಟ್ಟಿದ್ದು ಎಷ್ಟು, ಮುಟ್ಟದೆ ಹೋದದ್ದು ಯಾಕೆ ಎಂಬ ಪ್ರಶ್ನೆ ಮಾತ್ರ ಇತಿಹಾಸದ ಪುಸ್ತಕಗಳ ಅಂಚಿನಲ್ಲೇ ಉಳಿದಿದೆ.

ಹಾಗೆಂದು ಅದು ಸಣ್ಣ ಪ್ರಶ್ನೆಯಲ್ಲ. ಸೀಸ ಕರಗಿಸಿ ಅಚ್ಚಿಗೆ ಹೊಯ್ದು, ಮದ್ದು ಅಳೆದು ತುಂಬಿ, ಅದನ್ನು ನಿಖರವಾಗಿ ಹಾರಿಸುವ ವಿದ್ಯೆಯ ಬಗ್ಗೆ ಮುನ್ನೂರು ವರ್ಷಗಳಿಂದ ವಿಜ್ಞಾನಿಗಳು, ಸಿಪಾಯಿಗಳು, ಬೇಟೆಗಾರರು ತಲೆ ಕೆಡಿಸಿಕೊಂಡಿದ್ದಾರೆ. ಇಂದಿಗೂ ಅಮೆರಿಕದಲ್ಲಿ ದೊಡ್ಡ ಬೋರಿನ ರಿವಾಲ್ವರ್ ಇಟ್ಟುಕೊಂಡವರು ಮನೆಯ ಹಿತ್ತಿಲಲ್ಲಿ ಗುಂಡು ಎರೆದು, ಒಂದೊಂದನ್ನೂ ತಕ್ಕಡಿಗೆ ಹಾಕಿ ತೂಗುತ್ತಾರೆ. ಅವರು ಹುಡುಕುವುದೂ ಟಿಪ್ಪುವಿನ ಕಾರ್ಖಾನೆಯವರು ಹುಡುಕಿದ್ದೂ ಮೂಲದಲ್ಲಿ ಒಂದೇ: ಒಂದು ಗುಂಡಿನಂತೆ ಇನ್ನೊಂದು ಗುಂಡು, ಒಂದು ಹೊಡೆತದಂತೆ ಇನ್ನೊಂದು ಹೊಡೆತ. ಗುರಿ ಎಂಬುದು ಕಣ್ಣಿಗಿಂತ ಹೆಚ್ಚಾಗಿ ಈ ಏಕರೂಪತೆಯ ಮಾತು. ಶ್ರೀರಂಗಪಟ್ಟಣದ ಸುತ್ತಿನ ಇತಿಹಾಸವನ್ನು ಈ ಕೋನದಿಂದ ನೋಡಿದರೆ ಕೆಲವು ಪರಿಚಿತ ಕಥೆಗಳು ಬೇರೆ ರೀತಿ ಕಾಣುತ್ತವೆ.

ಎರಕದ ಮನೆಯ ಸಮಸ್ಯೆ

ಸೀಸ ಬಡವನ ಲೋಹ. 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕಬ್ಬಿಣಕ್ಕೆ ಬೇಕಾದ ಕುಲುಮೆ, ತಿದಿ ಯಾವುದೂ ಬೇಡ, ಅಡುಗೆ ಒಲೆಯ ಬೆಂಕಿ ಸಾಕು. ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಭಾರ, ಹಾಗಾಗಿ ಗಾಳಿಯನ್ನು ಸೀಳಿ ದೂರ ಹೋಗುತ್ತದೆ. ಮೆದುವಾದ್ದರಿಂದ ನಳಿಗೆಯ ಒಳಮೈಯನ್ನು ಕೆಡಿಸುವುದಿಲ್ಲ. ಇಕ್ಕುಳದಂತೆ ತೆರೆದು ಮುಚ್ಚುವ ಎರಡು ಹೋಳಿನ ಅಚ್ಚು, ಒಂದು ಸೌಟು, ಒಂದು ಬಾಣಲೆ ಇದ್ದರೆ ಸಿಪಾಯಿ ತನ್ನ ಗುಂಡನ್ನು ತಾನೇ ಎರೆದುಕೊಳ್ಳಬಹುದಿತ್ತು.

ಸುಲಭ ಇರುವುದು ಇಷ್ಟೇ. ಅಚ್ಚು ತಣ್ಣಗಿದ್ದರೆ ಗುಂಡಿನ ಮೈಮೇಲೆ ಸುಕ್ಕು ಬೀಳುತ್ತದೆ. ಸೀಸ ಆರುವಾಗ ಕುಗ್ಗುತ್ತದೆ. ಹೊಯ್ದ ಬಾಯಿಯ ಕಡೆಯಿಂದ ದ್ರವ ಸಾಕಷ್ಟು ಇಳಿಯದಿದ್ದರೆ ಒಳಗೆ ಕಣ್ಣಿಗೆ ಕಾಣದ ಪೊಳ್ಳು ಉಳಿಯುತ್ತದೆ. ಹೊರಗಿನಿಂದ ದುಂಡಗೆ, ನುಣ್ಣಗೆ ಇದ್ದರೂ ಅದರ ತೂಕದ ನಡು ಒಂದು ಪಕ್ಕಕ್ಕೆ ಸರಿದಿರುತ್ತದೆ. ಅಂಥ ಗುಂಡು ನಳಿಗೆ ಬಿಟ್ಟ ಮೇಲೆ ಎತ್ತ ವಾಲುತ್ತದೆಂದು ಹೇಳಲಾಗದು. ಬಾಯಿಯ ಬಾಲವನ್ನು ಕತ್ತರಿಸುವಾಗ ಒಂದಿಷ್ಟು ಹೆಚ್ಚು ಹೋದರೂ ಅದೇ ಗತಿ. ಗುಂಡುಗಳನ್ನು ತೂಗುವುದು ಇದಕ್ಕಾಗಿ: ಒಂದೇ ಅಚ್ಚಿನಲ್ಲಿ ಹುಟ್ಟಿದ ಹತ್ತರಲ್ಲಿ ಹಗುರವಾದದ್ದು ಯಾವುದೋ ಅದರ ಹೊಟ್ಟೆಯಲ್ಲಿ ಗಾಳಿಯಿದೆ ಎಂದರ್ಥ.

ಎರಕ ಈ ಸೀಮೆಗೆ ಹೊಸ ವಿದ್ಯೆಯಲ್ಲ. ನಾಗಮಂಗಲ ಹಿತ್ತಾಳೆ, ಕಂಚಿನ ಕೆಲಸಕ್ಕೆ ಹಿಂದಿನಿಂದಲೂ ಹೆಸರಾದ ಊರು. ಆದರೆ ದೇವರ ಮೂರ್ತಿ ಎರೆಯುವವನ ಶ್ರದ್ಧೆಯೇ ಬೇರೆ, ಗುಂಡು ಎರೆಯುವವನ ಶ್ರದ್ಧೆಯೇ ಬೇರೆ. ಮೂರ್ತಿಕಾರ ಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು ಲೋಹ ಹೊಯ್ಯುತ್ತಾನೆ. ಮೂರ್ತಿ ಹೊರಬರಬೇಕಾದರೆ ಅಚ್ಚು ಒಡೆಯಲೇಬೇಕು. ಪ್ರತಿಯೊಂದು ಮೂರ್ತಿಯೂ ಒಂದೇ ಒಂದು. ಗುಂಡಿನವನಿಗೆ ಒಂದೇ ಅಚ್ಚು ಸಾವಿರ ಸಲ ಬಾಯಿ ತೆರೆಯಬೇಕು, ಸಾವಿರ ಸಲವೂ ಅದೇ ಗುಂಡು ಬೀಳಬೇಕು. ಕೈ ಪಳಗಿದ ಎರಕದವರು ಇರುವ ನಾಡಿಗೂ ಏಕರೂಪದ ಸರಕು ತಯಾರಿಸುವುದು ತಾನಾಗಿ ಬರುವುದಿಲ್ಲ. ಅದಕ್ಕೆ ಅಳತೆ, ತಪಾಸಣೆ, ಮೇಲ್ವಿಚಾರಣೆ ಬೇಕು. ಅಂದರೆ ಕಾರ್ಖಾನೆ ಬೇಕು.

ಟಿಪ್ಪುವಿನ ಕಾರ್ಖಾನೆ

ಟಿಪ್ಪು ಕಟ್ಟಿದ್ದು ಅದನ್ನೇ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರು ಈ ನಾಲ್ಕು ಕಡೆ ತಾರಾಮಂಡಲವೆಂಬ ಹೆಸರಿನ ಶಸ್ತ್ರ ಕಾರ್ಖಾನೆಗಳನ್ನು ನಡೆಸಿದ. 1787ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಬಳಿಗೆ ರಾಯಭಾರಿಗಳನ್ನು ಕಳಿಸಿದಾಗ ಸೈನ್ಯದ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದ. ಸೈನ್ಯ ಬರಲಿಲ್ಲ, ಕುಶಲಕರ್ಮಿಗಳು ಬಂದರು. ಹೈದರನ ಕಾಲದಿಂದಲೂ ಫ್ರೆಂಚರ ತುಕಡಿ ಬೀಡುಬಿಟ್ಟಿದ್ದ ಹಿರೋಡೆಯನ್ನು ಇಂಗ್ಲಿಷರು ಫ್ರೆಂಚ್ ರಾಕ್ಸ್ ಎಂದೇ ಕರೆದರು. ಅದೇ ಇಂದಿನ ಪಾಂಡವಪುರ.

1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಕಂಪನಿಯವರು ಮಾಡಿದ ಪಟ್ಟಿಯಲ್ಲಿ 929 ತೋಪುಗಳು, ಸುಮಾರು ಒಂದು ಲಕ್ಷ ಬಂದೂಕು ಮತ್ತು ಕಾರ್ಬೈನ್‌ಗಳು ಇದ್ದವು. ತೋಪು ಎರೆಯುವ ಮನೆಗಳು, ನಳಿಗೆ ಕೊರೆಯುವ ಯಂತ್ರಗಳಿದ್ದ ಕಟ್ಟಡಗಳು, ಮದ್ದಿನ ಮನೆಗಳೂ ಆ ಲೆಕ್ಕದಲ್ಲಿವೆ. ನಳಿಗೆ ಕೊರೆಯುವ ಯಂತ್ರ ಇತ್ತೆಂಬುದು ಈ ಪಟ್ಟಿಯಲ್ಲಿ ಮುಖ್ಯವಾದ ಮಾತು. ಕಬ್ಬಿಣದ ಪಟ್ಟಿಯನ್ನು ಸುತ್ತಿ ಬಡಿದು ಬೆಸೆದ ನಳಿಗೆಯ ಒಳಮೈ ಒಂದೊಂದು ಕಡೆ ಒಂದೊಂದು ಅಗಲ ಇರುತ್ತದೆ. ಯಂತ್ರದಲ್ಲಿ ಕೊರೆದರೆ ಮಾತ್ರ ಉದ್ದಕ್ಕೂ ಒಂದೇ ಅಳತೆ ಬರುತ್ತದೆ. ಆಗ ಮಾತ್ರ ಒಂದೇ ಅಚ್ಚಿನ ಗುಂಡು ಎಲ್ಲ ಬಂದೂಕುಗಳಿಗೂ ಒಗ್ಗುತ್ತದೆ.

ಟಿಪ್ಪುವಿನ ಖಾಸಾ ಬಂದೂಕುಗಳು ಇಂದು ಬ್ರಿಟನ್ನಿನ ಸಂಗ್ರಹಾಲಯಗಳಲ್ಲಿ, ಹರಾಜಿನ ಮನೆಗಳಲ್ಲಿ ಕಾಣುತ್ತವೆ. ಹುಲಿಪಟ್ಟೆಯ ಬೊಬ್ಬರಿ ಗುರುತು, ಹುಲಿಮುಖದ ಚಕಮಕಿ ಕುದುರೆ, ಟಿಪ್ಪು ಬಳಸಿದ ಮೌಲೂದಿ ಶಕೆಯ ವರ್ಷ ಅವುಗಳ ಚಹರೆ. ರಾಬಿನ್ ವಿಗಿಂಗ್ಟನ್ ಇವುಗಳನ್ನೇ ಅಧ್ಯಯನ ಮಾಡಿ 1992ರಲ್ಲಿ ದೊಡ್ಡ ಪುಸ್ತಕ ಬರೆದರು. ಆದರೆ ಸುಲ್ತಾನನ ಬೇಟೆಯ ಬಂದೂಕನ್ನು ನೋಡಿ ಇಡೀ ಪಡೆಯ ಬಂದೂಕನ್ನು ಅಳೆಯುವುದು ತಪ್ಪಾಗುತ್ತದೆ. ಬೆಳ್ಳಿ ಕೆತ್ತನೆಯ ಒಂದು ಬಂದೂಕನ್ನು ಒಬ್ಬ ನಿಪುಣ ತಿಂಗಳುಗಟ್ಟಲೆ ತಿದ್ದಬಲ್ಲ. ಲಕ್ಷ ಬಂದೂಕುಗಳ ಹಣೆಬರಹ ನಿರ್ಧಾರವಾಗುವುದು ಅವುಗಳಲ್ಲಿ ತೀರಾ ಕಳಪೆಯಾದದ್ದರ ಮೇಲೆ.

ಅದೂ ಅಲ್ಲದೆ ಆ ಕಾಲದ ಸೈನಿಕ ಬಂದೂಕು ಯಾರ ಕೈಯಲ್ಲಿದ್ದರೂ ಗುರಿಗೆ ಅಷ್ಟಕ್ಕಷ್ಟೇ. ಇಂಗ್ಲಿಷ್ ಸಿಪಾಯಿಯ ಬಂದೂಕಿನ ನಳಿಗೆ ಮುಕ್ಕಾಲು ಇಂಚು ಅಗಲ, ಗುಂಡು ಅದಕ್ಕಿಂತ ಸಣ್ಣದು. ಬೇಕೆಂದೇ ಸಣ್ಣದು ಮಾಡುತ್ತಿದ್ದರು. ನಾಲ್ಕಾರು ಹೊಡೆತಕ್ಕೇ ಮದ್ದಿನ ಮಸಿ ನಳಿಗೆಯೊಳಗೆ ಕಟ್ಟಿಕೊಳ್ಳುತ್ತದೆ. ಗುಂಡು ಬಿಗಿಯಾಗಿದ್ದರೆ ಗಜದಿಂದ ಎಷ್ಟು ಗಿಡಿದರೂ ಕೆಳಗಿಳಿಯುವುದಿಲ್ಲ. ಎದುರಿಗೆ ಕುದುರೆ ದಂಡು ಬರುತ್ತಿರುವಾಗ ಬೇಗ ತುಂಬುವುದು ಮುಖ್ಯ, ನಿಖರತೆ ಆಮೇಲೆ. ಸಡಿಲ ಗುಂಡು ನಳಿಗೆಯ ಗೋಡೆಗಳಿಗೆ ಬಡಿಯುತ್ತ ಸಾಗಿ ಕೊನೆಗೆ ಯಾವ ಗೋಡೆಗೆ ತಾಕಿತೋ ಅದರ ಮೇಲೆ ಅದರ ದಾರಿ. ಅಮೆರಿಕದ ಯುದ್ಧದಲ್ಲಿ ಹೋರಾಡಿದ ಕರ್ನಲ್ ಜಾರ್ಜ್ ಹ್ಯಾಂಗರ್ 1814ರಲ್ಲಿ ಬರೆದದ್ದರ ಸಾರ ಇಷ್ಟು: ಎಂಬತ್ತು ಗಜದಲ್ಲಿ ಮನುಷ್ಯನಿಗೆ ಹೊಡೆಯಬಹುದು, ನೂರು ಗಜದಲ್ಲೂ ಆದೀತು, ಇನ್ನೂರು ಗಜದಲ್ಲಿ ಒಬ್ಬನಿಗೆ ಗುರಿಯಿಡುವುದೂ ಚಂದ್ರನಿಗೆ ಗುರಿಯಿಡುವುದೂ ಒಂದೇ.

ರಾಬಿನ್ಸ್ ಬಗ್ಗಿಸಿದ ನಳಿಗೆ

ಗುಂಡು ಯಾಕೆ ದಾರಿ ತಪ್ಪುತ್ತದೆ ಎಂಬುದಕ್ಕೆ ಮೊದಲ ಸರಿಯಾದ ಉತ್ತರ ಕೊಟ್ಟವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಅವನ ಪುಸ್ತಕ ಬಂತು. ಮೂರೇ ವರ್ಷದಲ್ಲಿ ಗಣಿತಜ್ಞ ಆಯ್ಲರ್ ಅದನ್ನು ಜರ್ಮನ್ ಭಾಷೆಗೆ ತಂದ. ರಾಬಿನ್ಸ್ ಮಾಡಿದ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ಒಂದು ಬಂದೂಕಿನ ನಳಿಗೆಯ ತುದಿಯನ್ನು ಕೊಂಚ ಎಡಕ್ಕೆ ಬಗ್ಗಿಸಿದ. ಮುಂದೆ ತೆಳು ಕಾಗದದ ತೆರೆಗಳನ್ನು ಒಂದರ ಹಿಂದೊಂದು ಕಟ್ಟಿ ಹಾರಿಸಿದ. ಗುಂಡು ಮೊದಲ ತೆರೆಯಲ್ಲಿ, ನಿರೀಕ್ಷೆಯಂತೆ, ಎಡಕ್ಕೆ ತೂತು ಮಾಡಿತ್ತು. ದೂರ ಹೋದಂತೆ ಬಲಕ್ಕೆ ಹೊರಳಿತ್ತು. ಬಗ್ಗಿದ ನಳಿಗೆಯ ಬಲಗೋಡೆಗೆ ಒತ್ತಿ ಉರುಳಿದ ಗುಂಡಿಗೆ ತಿರುಗಣಿ ಬಂದಿತ್ತು, ಆ ತಿರುಗಣಿಯೇ ಗಾಳಿಯಲ್ಲಿ ಅದನ್ನು ಬಲಕ್ಕೆ ಎಳೆದಿತ್ತು. ಇಂದು ಕ್ರಿಕೆಟ್ ನೋಡುವ ಹುಡುಗನಿಗೂ ಇದರ ಅರ್ಥ ಆಗುತ್ತದೆ.

ಪರಿಹಾರವೂ ಅಲ್ಲೇ ಇತ್ತು. ತಿರುಗಣಿ ತಪ್ಪಿಸಲಾಗದಿದ್ದರೆ, ಪ್ರತಿ ಗುಂಡಿಗೂ ಒಂದೇ ದಿಕ್ಕಿನ, ಒಂದೇ ವೇಗದ ತಿರುಗಣಿ ಕೊಡಬೇಕು. ಅಂದರೆ ನಳಿಗೆಯೊಳಗೆ ಸುರುಳಿ ಗೀರು ಕೊರೆಯಬೇಕು. ಅಂಥ ನಳಿಗೆಗಳು ಆಗಲೇ ಬೇಟೆಗಾರರ ಬಳಿ ಇದ್ದವು. ಆದರೆ ಸೀಸ ಗೀರಿಗೆ ಕಚ್ಚಿಕೊಳ್ಳುವಷ್ಟು ಬಿಗಿಯಾಗಿರಬೇಕಿತ್ತು, ಬಿಗಿಯಾದರೆ ತುಂಬುವುದು ನಿಧಾನ. ಈ ಗಂಟು ಬಿಚ್ಚಿದ್ದು ಶ್ರೀರಂಗಪಟ್ಟಣ ಬಿದ್ದು ಐವತ್ತು ವರ್ಷವಾದ ಮೇಲೆ. ಫ್ರಾನ್ಸಿನ ಮಿನಿಯೆ ರೂಪಿಸಿದ ಪೊಳ್ಳು ಬುಡದ ಉದ್ದ ಗುಂಡು ತುಂಬುವಾಗ ಸಡಿಲ, ಹಾರುವಾಗ ಬುಡ ಅರಳಿ ಬಿಗಿ. 1853ರ ಎನ್‌ಫೀಲ್ಡ್ ಬಂದೂಕು ಇದೇ ತತ್ವದ್ದು. ಅದರ ತೋಟಾಕ್ಕೆ ಸವರಿದ ಕೊಬ್ಬು 1857ರಲ್ಲಿ ಏನು ಮಾಡಿತೆಂಬುದು ಶಾಲೆಯ ಪಾಠ.

ಮದ್ದಿನ ಮನೆ

ಗುಂಡು ಚೆನ್ನಾಗಿದ್ದು ಮದ್ದು ಕೆಟ್ಟಿದ್ದರೂ ಫಲವಿಲ್ಲ. ಮದ್ದಿನ ಮೂರು ಸರಕುಗಳಲ್ಲಿ ಇದ್ದಿಲು ಎಲ್ಲೆಡೆ ಸಿಗುತ್ತದೆ. ಪೆಟ್ಲುಪ್ಪು ಹಳೆಯ ಗೋಡೆ, ಕೊಟ್ಟಿಗೆಯ ಮಣ್ಣನ್ನು ಸೋಸಿ ತೆಗೆಯುವಂಥದ್ದು. ಗಂಧಕ ನಮ್ಮ ನೆಲದ ಸರಕಲ್ಲ, ಹೊರಗಿನಿಂದ ತರಿಸಬೇಕು. ಪೆಟ್ಲುಪ್ಪಿನಲ್ಲಿ ಬೇರೆ ಉಪ್ಪಿನ ಅಂಶ ಉಳಿದರೆ ಅದು ಗಾಳಿಯ ತೇವ ಹೀರುತ್ತದೆ. ನಿನ್ನೆ ನೂರು ಗಜ ಎಸೆದ ಅದೇ ಅಳತೆಯ ಮದ್ದು ಇಂದು ಎಂಬತ್ತು ಗಜ ಎಸೆಯುತ್ತದೆ. ಕಾವೇರಿಯ ನಡುಗಡ್ಡೆಯಲ್ಲಿ, ಎರಡೂ ಕಡೆ ಹೊಳೆ ಹರಿಯುವಲ್ಲಿ, ಮದ್ದನ್ನು ಒಣಗಿಟ್ಟುಕೊಳ್ಳುವುದೇ ಒಂದು ದೊಡ್ಡ ಕೆಲಸ.

ಶ್ರೀರಂಗಪಟ್ಟಣದ ಮದ್ದಿನ ಮನೆಗಳನ್ನು ನೋಡಿದರೆ ಕಟ್ಟಿದವರಿಗೆ ಇದರ ಅರಿವಿತ್ತೆಂದು ಗೊತ್ತಾಗುತ್ತದೆ. ಇಟ್ಟಿಗೆ, ಸುಣ್ಣದ ಗಾರೆಯ ದಪ್ಪ ಗೋಡೆ, ಕಮಾನಿನ ಮಾಡು, ಅರ್ಧ ನೆಲದೊಳಗೆ ಇಳಿದ ಕಟ್ಟಡ. ಒಳಗೆ ಸೆಕೆ ಏರುವುದಿಲ್ಲ, ಹೊರಗಿನ ಕಿಡಿ ತಾಗುವುದಿಲ್ಲ. ಇಂಥದ್ದೊಂದು ಕಟ್ಟಡ ಬೆಂಗಳೂರು–ಮೈಸೂರು ಜೋಡಿ ರೈಲು ಹಳಿಯ ದಾರಿಗೆ ಅಡ್ಡ ಬಂದಾಗ ಒಡೆಯದೆ, ಸುಮಾರು ಸಾವಿರ ಟನ್ ತೂಕದ ಇಡೀ ಕಟ್ಟಡವನ್ನೇ ಎತ್ತಿ 2017ರಲ್ಲಿ ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದರು. ಹಾಗೆ ಜಾರಿಸಿದರೂ ಬಿರುಕು ಬಿಡದೆ ನಿಂತಿತೆಂದರೆ ಕಟ್ಟಿದವರ ಕೆಲಸ ಎಂಥದ್ದೆಂದು ಊಹಿಸಬಹುದು. ಆದರೂ 1799ರ ಮೇ 2ರಂದು ಮುತ್ತಿಗೆಯವರ ಗುಂಡು ತಾಗಿ ಕೋಟೆಯೊಳಗಿನ ಬಾಣಗಳ, ಅಂದರೆ ರಾಕೆಟ್ಟುಗಳ, ಉಗ್ರಾಣ ಸ್ಫೋಟಿಸಿತು. ಎರಡೇ ದಿನಕ್ಕೆ ಕೋಟೆಯೂ ಹೋಯಿತು.

ಗುರಿಯನ್ನೇ ಬಿಟ್ಟುಕೊಟ್ಟ ಆಯುಧ

ಈಗ ಮೈಸೂರಿನ ರಾಕೆಟ್ಟಿಗೆ ಬರಬಹುದು. ಇದರ ಬಗ್ಗೆ ಹೆಮ್ಮೆಯ ಬರಹಗಳು ಎಷ್ಟೋ ಇವೆ. ಗಟ್ಟಿ ಕೆಲಸ ಮಾಡಿದವರು ವಿಜ್ಞಾನಿ ರೊದ್ದಂ ನರಸಿಂಹ. 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಹೋಲಿಸಿ ಅವರು ಬರೆದ ಪ್ರಬಂಧ ಇಂದಿಗೂ ಆಧಾರ. ಅವರು ಒತ್ತಿ ಹೇಳಿದ್ದು ಕಬ್ಬಿಣದ ಕೊಳವೆಯ ಮಹತ್ವವನ್ನು. ಬೇರೆಡೆ ಕಾಗದ, ಬಿದಿರಿನ ಕೊಳವೆ ಬಳಸುತ್ತಿದ್ದಾಗ ಇಲ್ಲಿ ಮೆತು ಕಬ್ಬಿಣದ ಕೊಳವೆಯಲ್ಲಿ ಮದ್ದು ಗಿಡಿದರು. ಒಳಗಿನ ಒತ್ತಡ ಹೆಚ್ಚಿತು, ಬಾಣ ಸಾವಿರ ಗಜದಾಚೆಗೂ ಹೋಯಿತು. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಹಾಳು ಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ಉದ್ದ ಸುಮಾರು 23ರಿಂದ 26 ಸೆಂಟಿಮೀಟರ್.

ಆದರೆ ಗುರಿಯ ಲೆಕ್ಕದಲ್ಲಿ ರಾಕೆಟ್ ಬಂದೂಕಿಗಿಂತಲೂ ಕಡೆ. ನಳಿಗೆಯೇ ಇಲ್ಲ, ಬಿದಿರಿನ ಗಳುವೊಂದೇ ಅದರ ಚುಕ್ಕಾಣಿ. ಉರಿಯುತ್ತ ಹೋಗುವಾಗ ತೂಕ ಕಡಿಮೆಯಾಗುತ್ತದೆ, ಸಮತೋಲ ಬದಲಾಗುತ್ತದೆ, ಗಾಳಿ ಬಂದತ್ತ ತಿರುಗುತ್ತದೆ. ಇದು ಅದರ ಕೊರತೆ ಎಂದೇ ಇತಿಹಾಸಕಾರರು ಬರೆಯುತ್ತಾರೆ. ನನ್ನ ಮಟ್ಟಿಗೆ ಇದು ತಿಳಿದೇ ಮಾಡಿದ ಆಯ್ಕೆ. ಒಂದು ಗುಂಡನ್ನು ಒಬ್ಬನಿಗೆ ತಾಕಿಸಲು ನಳಿಗೆ, ಗುಂಡು, ಮದ್ದು ಮೂರೂ ಒಂದೇ ಸಮ ಇರಬೇಕು, ಅದು ದುಬಾರಿ. ನೂರು ಬಾಣಗಳನ್ನು ಒಮ್ಮೆಲೇ ಒಂದು ದಂಡಿನ ಮೇಲೆ ಬಿಡಲು ಯಾವುದೂ ಅಷ್ಟು ಸಮ ಇರಬೇಕಿಲ್ಲ. ಕುದುರೆ ಬೆದರಿದರೆ ಸಾಕು, ಮದ್ದಿನ ಬಂಡಿಗೊಂದು ಕಿಡಿ ತಾಗಿದರೆ ಸಾಕು.

ತಾಗಿದ್ದೂ ಉಂಟು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲಿನ ಪೊಲ್ಲಿಲೂರು ಯುದ್ಧದ ಚಿತ್ರದಲ್ಲಿ ಅದನ್ನು ಕಾಣಬಹುದು. ಇಂಗ್ಲಿಷ್ ಪಡೆಯ ಕರ್ನಲ್ ಬೇಲಿ ಪಲ್ಲಕ್ಕಿಯೊಳಗೆ ಬೆರಳು ಕಚ್ಚಿ ಕೂತಿದ್ದಾನೆ. ಸುತ್ತ ಕೆಂಪು ಅಂಗಿಯ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ. ಅವರ ನಡುವೆ ಮದ್ದಿನ ಬಂಡಿ ಸಿಡಿದು ಬೆಂಕಿ ಎದ್ದಿದೆ. 1780ರ ಸೆಪ್ಟೆಂಬರ್ 10ರ ಆ ಸ್ಫೋಟಕ್ಕೆ ರಾಕೆಟ್ ಕಾರಣ ಎನ್ನುವವರುಂಟು, ತೋಪಿನ ಗುಂಡು ಎನ್ನುವವರುಂಟು. ಚೌಕದ ಸಾಲು ಅಷ್ಟು ಒತ್ತಾಗಿರುವಾಗ ಎರಡಕ್ಕೂ ಹೆಚ್ಚು ಗುರಿ ಬೇಕಿರಲಿಲ್ಲ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನಲ್ಲಿ ವೆಲ್ಲೆಸ್ಲಿಯ ಪಡೆ ಚೆದುರಿದ್ದೂ ಹೀಗೆಯೇ: ಕತ್ತಲು, ಮರಗಳು, ಎತ್ತಣಿಂದಲೋ ಬರುವ ಬಂದೂಕಿನ ಗುಂಡು ಮತ್ತು ಬಾಣ. ಮುಂದೆ ವಾಟರ್‌ಲೂ ಗೆದ್ದವನು ಅಂದು ಹಿಂದೆ ಸರಿದ. ಇದೇ ಬಾಣವನ್ನು ನೋಡಿ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದಾಗ ಅವನ ಶ್ರಮವೆಲ್ಲ ಹೋದದ್ದು ಒಂದರಂತೆ ಇನ್ನೊಂದನ್ನು ಮಾಡುವುದರ ಕಡೆಗೆ. ಕಲ್ಪನೆ ಮೈಸೂರಿನದು, ಏಕರೂಪದ ಉತ್ಪಾದನೆ ವುಲ್ವಿಚ್‌ನದು.

ರಿವಾಲ್ವರಿನವರ ತಕ್ಕಡಿ

ಹತ್ತೊಂಬತ್ತನೆಯ ಶತಮಾನದಲ್ಲಿ ಕೈಬಂದೂಕಿಗೂ ಗೀರು ಬಂತು, ತೋಟಾ ಬಂತು. 1873ರ ಕೋಲ್ಟ್ .45, 1887ರಲ್ಲಿ ಬ್ರಿಟಿಷ್ ಸೈನ್ಯ ಸೇರಿದ ವೆಬ್ಲಿ .455 ಹಾರಿಸುತ್ತಿದ್ದದ್ದು ಸೀಸದ ಗುಂಡನ್ನೇ. ರಿವಾಲ್ವರಿನಲ್ಲಿ ಹಳೆಯ ತೊಡಕು ಹೊಸ ರೂಪದಲ್ಲಿ ಬರುತ್ತದೆ. ಗುಂಡು ಸುತ್ತುವ ಉರುಳೆಯ ಮನೆಯಿಂದ ಹೊರಟು, ಒಂದು ಸಣ್ಣ ಸಂದು ದಾಟಿ, ನಳಿಗೆಯೊಳಗೆ ಹೋಗಬೇಕು. ಉರುಳೆಯ ಬಾಯಿ ನಳಿಗೆಗಿಂತ ಕಿರಿದಾಗಿದ್ದರೆ ಗುಂಡು ಅಲ್ಲೇ ಹಿಂಡಿಹೋಗಿ, ನಳಿಗೆಯಲ್ಲಿ ಸಡಿಲವಾಗುತ್ತದೆ. ಬಿಸಿ ಅನಿಲ ಪಕ್ಕದಲ್ಲಿ ನುಗ್ಗಿ ಸೀಸ ಕರಗಿಸಿ ನಳಿಗೆಗೆ ಮೆತ್ತುತ್ತದೆ. ಆರು ಮನೆಗಳೂ ಒಂದೇ ಅಳತೆ ಇಲ್ಲದಿದ್ದರೆ ಒಂದೇ ಕೈಯಲ್ಲಿ ಆರು ಬಂದೂಕು ಹಿಡಿದಂತೆ. ಅಮೆರಿಕದ ಐಡಹೋದ ಎಲ್ಮರ್ ಕೀತ್ ದಶಕಗಳ ಕಾಲ ಎರಕದ ಗುಂಡಿನ ಆಕಾರ ತಿದ್ದಿದ. ಅವನ ಒತ್ತಾಯದ ಫಲವಾಗಿ 1950ರ ದಶಕದ ನಡುವಿನಲ್ಲಿ .44 ಮ್ಯಾಗ್ನಮ್ ಬಂತು. ಸೀಸಕ್ಕೆ ತವರ ಬೆರೆಸಿ ಗಡಸು ಮಾಡುವುದು, ಅಳತೆ ನೋಡುವುದು, ತೂಗಿ ವಿಂಗಡಿಸುವುದು, ಎಲ್ಲವೂ ಅದೇ ಹಳೆಯ ಏಕರೂಪತೆಯ ಬೆನ್ನಟ್ಟುವಿಕೆ.

ನಮ್ಮಲ್ಲಿ ಈ ಹವ್ಯಾಸಕ್ಕೆ ಜಾಗವಿಲ್ಲ. .38, .45, .455 ನಿಷೇಧಿತ ಬೋರುಗಳು. ಲೈಸೆನ್ಸುದಾರರಿಗೆ ಸಾಮಾನ್ಯವಾಗಿ ದಕ್ಕುವುದು .32. ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಬ್ರಿಟಿಷರ ಕಾಲದಿಂದ ವಿನಾಯಿತಿ ಇರುವ ಕೊಡವರಲ್ಲಿ ಮಾತ್ರ ಕೋವಿ ಇನ್ನೂ ಮನೆಯ ವಸ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ.

ಸದ್ದಿಗೆ ಸಾಕಾದ ಕೋವಿ

ಕೆ.ಆರ್. ಪೇಟೆ, ನಾಗಮಂಗಲದ ಕಡೆ ಇಂದು ಉಳಿದಿರುವುದು ಬೆಳೆ ರಕ್ಷಣೆಯ ಕೋವಿ. ಒಂಟಿ ನಳಿಗೆ, ಬಾಯಿಂದ ಮದ್ದು ತುಂಬುವುದು, ಕೇಪು ಇಟ್ಟು ಹಾರಿಸುವುದು. ಯಂತ್ರದ ದೃಷ್ಟಿಯಿಂದ ಇದು ಟಿಪ್ಪುವಿನ ಸಿಪಾಯಿಯ ಬಂದೂಕಿಗೆ ಹತ್ತಿರದ ನೆಂಟ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ಬರಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಕಬ್ಬಿನ ಗದ್ದೆಗೆ, ರಾಗಿ ಹೊಲಕ್ಕೆ ನುಗ್ಗುವ ಹಂದಿಯನ್ನು ಓಡಿಸಲು ಗುರಿ ಬೇಡ, ಸದ್ದು ಸಾಕು. ಕೊಲ್ಲಲು ವನ್ಯಜೀವಿ ಕಾಯ್ದೆ ಅಡ್ಡ. ಆದಿಚುಂಚನಗಿರಿಯ ನವಿಲು, ಮೇಲುಕೋಟೆಯ ತೋಳ ಎರಡಕ್ಕೂ ಅಭಯಾರಣ್ಯಗಳೇ ಇವೆ.

ಸರ್ಕಾರವೂ ಹಳೆಯ ವಿದ್ಯೆಯನ್ನು ಸದ್ದಿಗಾಗಿಯೇ ಉಳಿಸಿಕೊಂಡಿದೆ. ಮೈಸೂರು ದಸರಾದ ಕುಶಾಲತೋಪಿಗೆ ಪೊಲೀಸರು ವಾರಗಟ್ಟಲೆ ತಾಲೀಮು ಮಾಡುತ್ತಾರೆ. ಏಳು ಫಿರಂಗಿ, ಇಪ್ಪತ್ತೊಂದು ಸುತ್ತು, ರಾಷ್ಟ್ರಗೀತೆ ಮುಗಿಯುವುದರೊಳಗೆ. ಒಂದು ಸುತ್ತು ಹಾರಿದೊಡನೆ ಒಬ್ಬ ನಳಿಗೆಯನ್ನು ಒರೆಸಿ ಕಿಡಿ ಆರಿಸಬೇಕು, ಇನ್ನೊಬ್ಬ ಮದ್ದು ಇಡಬೇಕು, ಮತ್ತೊಬ್ಬ ಗಿಡಿಯಬೇಕು. ಒರೆಸುವವನು ಒಂದು ಕಿಡಿ ಬಿಟ್ಟರೆ ಮುಂದಿನ ಮದ್ದು ಗಿಡಿಯುವವನ ಮುಖಕ್ಕೇ ಸಿಡಿಯುತ್ತದೆ. ಗುಂಡಿಲ್ಲದ ಆ ತೋಪಿನಲ್ಲೂ ಪ್ರತಿ ಸಲ ಒಂದೇ ಕ್ರಮ, ಒಂದೇ ಅಳತೆ ಎಂಬ ನಿಯಮ ಸಡಿಲವಾಗಿಲ್ಲ.

ಟಿಪ್ಪುವಿನ ಶಸ್ತ್ರಗಳ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಬರಹ ಬರುತ್ತಿದೆ, ಜಗತ್ತಿಗೇ ಮೊದಲು ಎಂಬ ಜಯಘೋಷ ಅಥವಾ ಎಲ್ಲ ಫ್ರೆಂಚರದ್ದು ಎಂಬ ತಾತ್ಸಾರ. ಎರಡಕ್ಕೂ ಉತ್ತರ ತಕ್ಕಡಿಯಲ್ಲಿದೆ. ಬಿದನೂರು ನಗರದ ಬಾವಿಯಲ್ಲಿ ಸಿಕ್ಕ ಸಾವಿರ ರಾಕೆಟ್ ಕೊಳವೆಗಳ ಉದ್ದ, ಒಳಸುತ್ತು, ಕಬ್ಬಿಣದ ದಪ್ಪ, ತೂಕ ಒಂದರಿಂದ ಒಂದಕ್ಕೆ ಎಷ್ಟು ಬದಲಾಗುತ್ತವೆ ಎಂಬುದನ್ನು ಪಟ್ಟಿ ಮಾಡಿ ಪ್ರಕಟಿಸಿದರೆ ಆ ಕಾರ್ಖಾನೆಯ ಶಿಸ್ತು ಎಷ್ಟಿತ್ತೆಂದು ಅಂಕಿಗಳೇ ಹೇಳುತ್ತವೆ. ವ್ಯತ್ಯಾಸ ಕಡಿಮೆಯಿದ್ದರೆ ಅದು ಯುರೋಪಿನ ಜೊತೆ ಸರಿಸಮನಾಗಿ ನಿಂತ ಉದ್ಯಮ. ಹೆಚ್ಚಿದ್ದರೆ ಜಾಣ ಕಮ್ಮಾರರ ದೊಡ್ಡ ಗುಂಪು. ಎರಡರಲ್ಲಿ ಯಾವುದಾದರೂ ನಾಚಿಕೆಪಡಬೇಕಾದ್ದೇನೂ ಇಲ್ಲ. ಪುರಾತತ್ವ ಇಲಾಖೆಯವರು ಮತ್ತು ಒಂದು ಎಂಜಿನಿಯರಿಂಗ್ ಕಾಲೇಜು ಕೈಜೋಡಿಸಿದರೆ ಒಂದು ವರ್ಷದಲ್ಲಿ ಮುಗಿಯುವ ಕೆಲಸ ಇದು.